ಟೇಬಲ್ ಸಾ ಫೆನ್ಸ್ ನೇರ ಮಾಡುವುದು ಹೇಗೆ?

ತೇಗದ ಹಲಗೆಯನ್ನು ಉದ್ದಕ್ಕೆ ಸೀಳುವಾಗ ಅಂಚು ಕಪ್ಪಗೆ ಸುಡುತ್ತಿದೆಯೇ? ಅರ್ಧಕ್ಕೆ ಬಂದ ಹಲಗೆ ಬಿಗಿದುಕೊಂಡು ಮುಂದೆ ಹೋಗುತ್ತಿಲ್ಲವೇ? ಸುಮ್ನೆ ಹೊಸ ಬ್ಲೇಡಿಗೆ ದುಡ್ಡು ಹಾಕುವ ಮೊದಲು ಟೇಬಲ್ ಸಾ (ಮೇಜಿನಿಂದ ಬ್ಲೇಡ್ ಮೇಲೆದ್ದಿರುವ ಗರಗಸ ಮೆಷಿನ್) ಮೇಲಿನ ಫೆನ್ಸ್ ನೋಡಿ, ಅಂದರೆ ಹಲಗೆಯನ್ನು ಒರಗಿಸಿ ತಳ್ಳುವ ಉದ್ದನೆಯ ಆಸರೆ ಪಟ್ಟಿ. ಹೊಸ ಮೆಷಿನ್ನಿನಲ್ಲೂ ಅದು ಸರಿಯಾಗಿಯೇ ಇರುತ್ತದೆ ಎಂದು ನಂಬಬೇಡಿ. ಸಾಗಿಸುವಾಗಿನ ಕುಲುಕಾಟಕ್ಕೇ ಜರುಗಿರಬಹುದು.

ಮೂಲೆಮಟ್ಟ, ಸ್ಟೀಲ್ ಸ್ಕೇಲ್, ಅಲೆನ್ ಕೀ (ಆರು ಮೂಲೆಯ ಸ್ಕ್ರೂ ಕೀಲಿ), ಫೀಲರ್ ಗೇಜ್ (ಸಣ್ಣ ಸಂದು ಅಳೆಯುವ ತೆಳು ಪಟ್ಟಿಗಳು) ಇದ್ದರೆ ಸಾಕು. ಬೆಂಗಳೂರಿನ ಎಸ್‌ಜೆಪಿ ರಸ್ತೆಯ ಟೂಲ್ಸ್ ಅಂಗಡಿಗಳಲ್ಲಿ ಸಿಗುತ್ತವೆ. ಮೂಲೆಮಟ್ಟವನ್ನು ಅಲ್ಲೇ ಪರೀಕ್ಷಿಸಿ. ನೇರ ಅಂಚಿಗೆ ಹಿಡಿದು ಒಂದು ಗೆರೆ ಎಳೆಯಿರಿ, ಮಗುಚಿ ಹಿಡಿದು ಅದೇ ಜಾಗದಲ್ಲಿ ಇನ್ನೊಂದು ಎಳೆಯಿರಿ. ಎರಡೂ ಒಂದರ ಮೇಲೊಂದು ಕೂರದಿದ್ದರೆ ಬೇಡ ಅನ್ನಿ.

ಮೊದಲು ಪ್ಲಗ್ ಕೀಳಿ. ಸ್ವಿಚ್ ಆಫ್ ಮಾಡಿದರೆ ಸಾಲದು.

ಎಲ್ಲಕ್ಕೂ ಆಧಾರ ಮೈಟರ್ ಸ್ಲಾಟ್, ಅಂದರೆ ಮೇಜಿನ ಮೇಲೆ ಉದ್ದಕ್ಕೂ ಇರುವ ತೋಡು. ಬಹಳ ಜನ ನೇರವಾಗಿ ಬ್ಲೇಡಿನಿಂದ ಫೆನ್ಸಿಗೆ ಅಳೆಯುತ್ತಾರೆ. ಬ್ಲೇಡೇ ಓರೆಯಾಗಿದ್ದರೆ ಫೆನ್ಸೂ ಓರೆ ಆಗುತ್ತದೆ, ಅಲ್ವಾ? ಅದಕ್ಕೇ ಬ್ಲೇಡನ್ನು ಪೂರ್ತಿ ಮೇಲೆತ್ತಿ. ಮುಂದಿನ ಒಂದು ಹಲ್ಲಿಗೆ ಮಾರ್ಕರ್ ಗುರುತು ಹಾಕಿ, ತೋಡಿನಿಂದ ಅದಕ್ಕೆ ಎಷ್ಟಿದೆ ಎಂದು ಅಳೆಯಿರಿ. ಬ್ಲೇಡನ್ನು ಕೈಯಿಂದ ತಿರುಗಿಸಿ ಅದೇ ಹಲ್ಲನ್ನು ಹಿಂದಕ್ಕೆ ತಂದು ಮತ್ತೆ ಅಳೆಯಿರಿ. ಬೇರೆ ಹಲ್ಲು ಹಿಡಿದರೆ ಬ್ಲೇಡಿನ ಸಣ್ಣ ಡೊಂಕೂ ಲೆಕ್ಕಕ್ಕೆ ಸೇರಿಕೊಳ್ಳುತ್ತದೆ. ಅಳತೆ ಹೊಂದದಿದ್ದರೆ ಮೆಷಿನ್ನಿನ ಕೈಪಿಡಿ ನೋಡಿ ಬ್ಲೇಡ್ ಕೂರಿಸಿರುವ ಬೋಲ್ಟುಗಳನ್ನು ಸ್ವಲ್ಪ ಸಡಿಲಿಸಿ, ಸರಿಪಡಿಸಿ.

ಈಗ ಫೆನ್ಸನ್ನು ತೋಡಿನ ಅಂಚಿನ ಹತ್ತಿರ ತಂದು ಲಾಕ್ ಮಾಡಿ. ತೋಡಿಗೂ ಫೆನ್ಸಿಗೂ ಇರುವ ದೂರ ಮುಂದೆ, ಹಿಂದೆ ಎರಡೂ ಕಡೆ ಒಂದೇ ಇರಬೇಕು. ಇಲ್ಲದಿದ್ದರೆ ಅದರ ಹೊಂದಾಣಿಕೆ ಸ್ಕ್ರೂ ತಿರುಗಿಸಿ. ಕೆಲವು ಮಾದರಿಗಳಲ್ಲಿ ಇವು ಫೆನ್ಸಿನ ಮೇಲಿರುತ್ತವೆ, ಕೆಲವದರಲ್ಲಿ ಮುಂದಿನ ಹಿಡಿಕೆಯ ಬದಿಯಲ್ಲಿ. ಬಿಗಿ ಮಾಡುವಾಗಲೇ ಫೆನ್ಸ್ ಜರುಗುತ್ತದೆ. ಹಾಗಾಗಿ ಬಿಗಿ ಮಾಡಿದ ಮೇಲೆ ಮತ್ತೆ ಅಳೆಯಲೇಬೇಕು.

ಫೆನ್ಸಿನ ಹಿಂಬದಿ ಮುಂಬದಿಗಿಂತ 0.1 ಮಿ.ಮೀ.ನಷ್ಟು ಬ್ಲೇಡಿನಿಂದ ಹೆಚ್ಚು ದೂರ ಇದ್ದರೆ ತೊಂದರೆಯಿಲ್ಲ. ಬ್ಲೇಡಿನ ಕಡೆಗೆ ಬಾಗಿದ್ದರೆ ಮಾತ್ರ ಅಪಾಯ. ಹಲಗೆ ಬ್ಲೇಡಿನ ಹಿಂದಿನ ಹಲ್ಲುಗಳಿಗೆ ಸಿಕ್ಕುತ್ತದೆ. ಆ ಹಲ್ಲುಗಳು ಮೇಲಕ್ಕೆ ಏಳುತ್ತಾ ಬರುವುದರಿಂದ ಅದನ್ನು ಎತ್ತಿ ನಿಮ್ಮ ಕಡೆಗೇ ಎಸೆಯುತ್ತವೆ. ಕಿಕ್‌ಬ್ಯಾಕ್ ಅಂದರೆ ಇದೇ. ಬ್ಲೇಡಿನ ಹಿಂದಿನ ರೈವಿಂಗ್ ನೈಫ್ (ಸೀಳು ಮುಚ್ಚಿಕೊಳ್ಳದಂತೆ ತಡೆಯುವ ತಗಡು) ತೆಗೆದಿಟ್ಟಿದ್ದರೆ ದಯವಿಟ್ಟು ವಾಪಸ್ ಹಾಕಿ.

ಇನ್ನು ಮೂಲೆಮಟ್ಟವನ್ನು ಮೇಜಿನ ಮೇಲಿಟ್ಟು ಫೆನ್ಸಿನ ಮುಖಕ್ಕೆ ಒತ್ತಿ. ಸಂದಿನಲ್ಲಿ ಬೆಳಕು ಕಂಡರೆ ಫೆನ್ಸ್ ವಾಲಿದೆ ಎಂದರ್ಥ, ಅದನ್ನೂ ಸರಿಮಾಡಿ. ಫೆನ್ಸಿಗೆ ಮರದ ಪಟ್ಟಿ ಜೋಡಿಸಿದ್ದರೆ ಮಳೆಗಾಲದಲ್ಲಿ ಅದು ಉಬ್ಬಬಹುದು. ಆ ತಿಂಗಳುಗಳಲ್ಲಿ ಈ ಪರೀಕ್ಷೆ ಜಾಸ್ತಿ ಸಲ ಬೇಕು.

ಕೊನೆಗೆ ಒಂದು ತುಂಡು ಮರ ಸೀಳಿ ನೋಡಿ. ಬ್ಲೇಡಿನ ಗೆರೆಗೆ ನೇರವಾಗಿ ನಿಲ್ಲದೆ ಪಕ್ಕಕ್ಕೆ ನಿಂತು, ಪುಶ್ ಸ್ಟಿಕ್‌ (ಹಲಗೆ ತಳ್ಳುವ ಕೋಲು) ಹಿಡಿದೇ ತಳ್ಳಿ. ಸೀಳಿದ ಪಟ್ಟಿಯ ಅಗಲವನ್ನು ಎರಡೂ ತುದಿಯಲ್ಲಿ ಅಳೆಯಿರಿ. ಒಂದೇ ಬಂದು, ಸುಟ್ಟ ಗುರುತೂ ಇಲ್ಲದಿದ್ದರೆ ಒಳ್ಳೆಯ ಹಲಗೆಗೆ ಕೈ ಹಾಕಬಹುದು.