ಬ್ಯಾಂಕಿನ ಲಾಭ ನಂಬುವ ಮೊದಲು ಷೆಡ್ಯೂಲ್ 17 ತೆಗೆಯಿರಿ

ಬ್ಯಾಂಕ್ ಷೇರು ಇಟ್ಟುಕೊಂಡವರಿಗೆ ವರ್ಷಕ್ಕೊಮ್ಮೆ ವಾರ್ಷಿಕ ವರದಿ ಬರುತ್ತದೆ. ನೂರಾರು ಪುಟ. ಅಧ್ಯಕ್ಷರ ಪತ್ರ, ಗಿಡ ನೆಟ್ಟ ಫೋಟೋ ಎಲ್ಲ ದಾಟಿ ಸೀದಾ ಷೆಡ್ಯೂಲ್ 17ಕ್ಕೆ ಹೋಗಿ. ನಮ್ಮ ಬ್ಯಾಂಕುಗಳ ಲೆಕ್ಕಪತ್ರ ನೀತಿ ಇರುವುದು ಅಲ್ಲೇ. ಅದೇ ಸಾಲ, ಅದೇ ವಸೂಲಿ ಇದ್ದರೂ ಲಾಭ ಜಾಸ್ತಿ ಕಾಣುತ್ತೋ ಕಮ್ಮಿಯೋ ಅನ್ನುವುದು ಈ ನಾಲ್ಕೈದು ಪುಟದ ಮೇಲೆ ನಿಂತಿದೆ.

ಮೊದಲು ಬಡ್ಡಿ. ದುಡ್ಡು ಕೈಗೆ ಬರದಿದ್ದರೂ ದಿನ ಕಳೆದಂತೆ ಬಡ್ಡಿಯನ್ನು ಆದಾಯ ಅಂತ ಬರೆದುಕೊಳ್ಳುತ್ತಾರೆ. ಕಂತು 90 ದಿನ ಮೀರಿ ಬಾಕಿ ಉಳಿದು ಸಾಲ ಎನ್‌ಪಿಎ (ವಸೂಲಾಗದೆ ನಿಂತ ಸಾಲ) ಆಯಿತೋ, ಆ ದಾರಿ ಬಂದ್. ಆಮೇಲೆ ಬಂದ ದುಡ್ಡಷ್ಟೇ ಆದಾಯ, ಹಿಂದೆ ಬರೆದುಕೊಂಡು ವಸೂಲಾಗದ ಬಡ್ಡಿಯನ್ನೂ ಕಳೆಯಬೇಕು. ಬೆಳೆ ಸಾಲಕ್ಕೆ ಮಾತ್ರ ದಿನದ ಲೆಕ್ಕವಲ್ಲ, ಹಂಗಾಮಿನ ಲೆಕ್ಕ.

ಎರಡನೆಯದು ಪ್ರಾವಿಷನ್, ಅಂದರೆ ಸಾಲ ಮುಳುಗಬಹುದು ಅಂತ ಲಾಭದಿಂದ ತೆಗೆದಿಡುವ ಮೊತ್ತ. ಇಲ್ಲಿ ನಿಧಾನಿಸಿ. 20 ಲಕ್ಷದ ಗೃಹಸಾಲ ಎನ್‌ಪಿಎ ಆಯಿತು ಅಂದುಕೊಳ್ಳಿ. ಅಡಮಾನವಿದ್ದರೆ ಮೊದಲ ವರ್ಷ ಕನಿಷ್ಠ ಶೇ 15, ಅಂದರೆ 3 ಲಕ್ಷ ತೆಗೆದಿಡಬೇಕು. ವರ್ಷ ಕಳೆದರೂ ವಸೂಲಾಗಲಿಲ್ಲ, ಮನೆ ಮಾರಿದರೆ 12 ಲಕ್ಷವಷ್ಟೇ ಬರುತ್ತದೆ ಅಂತಾದರೆ? ಆ 12 ಲಕ್ಷಕ್ಕೆ ಶೇ 25, ಅಂದರೆ 3 ಲಕ್ಷ. ಆಸರೆಯೇ ಇಲ್ಲದ ಉಳಿದ 8 ಲಕ್ಷಕ್ಕೆ ಪೂರ್ತಿ 8 ಲಕ್ಷ. ಒಟ್ಟು 11 ಲಕ್ಷ! ಮನೆಯ ಬೆಲೆ ಕಟ್ಟುವುದರಲ್ಲೇ ಎಷ್ಟು ಆಟ ಇದೆ ನೋಡಿ. ಇದೆಲ್ಲ ಆರ್‌ಬಿಐ ಹೇಳಿದ ಕನಿಷ್ಠ ಮಟ್ಟ, ಕೆಲವು ಬ್ಯಾಂಕುಗಳು ಜಾಸ್ತಿಯೇ ಇಡುತ್ತವೆ, ಹಾಗಿದ್ದರೆ ನೀತಿಯಲ್ಲೇ ಬರೆದಿರುತ್ತಾರೆ. ಹೋದ ವರ್ಷದ ವರದಿಯನ್ನು ಪಕ್ಕದಲ್ಲಿಟ್ಟುಕೊಂಡು ಈ ಪ್ಯಾರಾವನ್ನು ಸಾಲು ಸಾಲಾಗಿ ಹೋಲಿಸಿ. ದರ ಸಡಿಲವಾಗಿದ್ದರೆ, ಏರಿದ ಲಾಭದಲ್ಲಿ ಒಂದು ಪಾಲು ವ್ಯಾಪಾರದ್ದಲ್ಲ, ಪೆನ್ನಿನದ್ದು.

ಹೂಡಿಕೆಯ ಭಾಗಕ್ಕೆ ಜಾಸ್ತಿ ಹೊತ್ತು ಬೇಡ. 2024ರ ಏಪ್ರಿಲ್ 1ರಿಂದ ನಿಯಮ ಬದಲಾಗಿದೆ, ಮಾರಾಟಕ್ಕೆ ಲಭ್ಯ ಅಂತ ಇಟ್ಟ ಬಾಂಡ್‌ಗಳ ಬೆಲೆಯ ಏರಿಳಿತ ಈಗ ಲಾಭ-ನಷ್ಟಕ್ಕೆ ಬರದೆ ಪ್ರತ್ಯೇಕ ಮೀಸಲಿಗೆ ಹೋಗುತ್ತದೆ. ಹಾಗಾಗಿ ಅದಕ್ಕೂ ಹಿಂದಿನ ವರ್ಷಗಳ ಅಂಕಿಯನ್ನು ಸುಮ್ನೆ ಹಾಗೇ ಹೋಲಿಸಬೇಡಿ.

ನಿಮ್ಮ ಷೇರು ಬ್ಯಾಂಕಿನದ್ದಲ್ಲ, ದೊಡ್ಡ ಫೈನಾನ್ಸ್ ಕಂಪನಿಯದ್ದಾ? ಅಲ್ಲಿ ಷೆಡ್ಯೂಲ್ 17 ಇರುವುದಿಲ್ಲ, ಇಂಡ್ ಎಎಸ್ (ಭಾರತೀಯ ಲೆಕ್ಕಪತ್ರ ಮಾನದಂಡ) ಪದ್ಧತಿ ಇರುತ್ತದೆ. ಸಾಲಗಳಿಗೆ ಮೂರು ಹಂತ. ಕಂತು 30 ದಿನ ಮೀರಿದರೆ ಸಾಮಾನ್ಯವಾಗಿ ಎರಡನೇ ಹಂತ, ಆಗ ಸಾಲದ ಪೂರ್ತಿ ಅವಧಿಯಲ್ಲಿ ಆಗಬಹುದಾದ ನಷ್ಟವನ್ನು ಈಗಲೇ ಅಂದಾಜು ಮಾಡಬೇಕು. ಅಂದಾಜು ಮಾಡುವವರು ಯಾರು? ಕಂಪನಿಯವರೇ! ಅದಕ್ಕೇ ಆಡಿಟರ್ ವರದಿಯಲ್ಲಿ ಇದರ ಬಗ್ಗೆ ಏನು ಬರೆದಿದ್ದಾರೆ ಅಂತ ಓದಲೇಬೇಕು.

ಬ್ಯಾಂಕಿನದ್ದಾದರೆ ಕೊನೆಗೆ ಷೆಡ್ಯೂಲ್ 18ರ ಟಿಪ್ಪಣಿಗಳಲ್ಲಿ 'ಡೈವರ್ಜೆನ್ಸ್' ಅಂತ ಹುಡುಕಿ. ಬ್ಯಾಂಕ್ ತೋರಿಸಿದ ಎನ್‌ಪಿಎಗೂ ಆರ್‌ಬಿಐ ತಪಾಸಣೆಯಲ್ಲಿ ಸಿಕ್ಕಿದ್ದಕ್ಕೂ ಅಂತರ ಮಿತಿ ಮೀರಿದ್ದರೆ ಅಲ್ಲೊಂದು ಕೋಷ್ಟಕ ಹಾಕಲೇಬೇಕು. ಸರಿಯಾಗಿ ಪ್ರಾವಿಷನ್ ಮಾಡಿದ್ದರೆ ನಿವ್ವಳ ಲಾಭ ಎಷ್ಟಾಗುತ್ತಿತ್ತು ಅನ್ನುವುದೂ ಅದರ ಕೊನೆಯ ಸಾಲಿನಲ್ಲಿ ಇರುತ್ತದೆ.