ನಾಲ್ಕು ನಿಮಿಷ, ನಾಲ್ಕು ಸಲ: ಬೆಟ್ಟದ ಮೆಟ್ಟಿಲ ಮೇಲೆ ನನ್ನ ಅನುಭವ

"ಈ ವಯಸ್ಸಲ್ಲಿ ಎದೆ ಒಡ್ಕೋತೀಯಾ?" ಅಂತ ಮೈಸೂರಿನ ಕುಕ್ಕರಹಳ್ಳಿ ಕೆರೆಯ ನಮ್ಮ ಬೆಳಗಿನ ವಾಕಿಂಗ್ ಗುಂಪು, ನಡುನಡುವೆ ಏದುಸಿರು ಬರುವಷ್ಟು ಜೋರಾಗಿ ಮಾಡುವ ನನ್ನ ವ್ಯಾಯಾಮ ನೋಡಿ ಎರಡು ವರ್ಷ ನಕ್ಕಿತು. ಹೋದ ತಿಂಗಳು ಅವರೇ ನನ್ನ ರಿಪೋರ್ಟ್ ಕೇಳಿ ಫೋಟೋ ತೆಗೆದುಕೊಂಡರು. ಅದಕ್ಕೇ ಬರೆಯುತ್ತಿದ್ದೇನೆ.

ನನಗೆ 54. ಅಪ್ಪ 58ಕ್ಕೇ ಹಾರ್ಟ್ ಅಟ್ಯಾಕ್‌ನಲ್ಲಿ ಹೋದರು. ಎಂಟು ವರ್ಷ ದಿನಾ ಒಂದು ಗಂಟೆ ಹರಟೆ ಹೊಡೆಯುತ್ತ ನಡೆದೆ. ಬಿಪಿ 140ರ ಹತ್ತಿರ, ಟ್ರೈಗ್ಲಿಸರೈಡ್ (ರಕ್ತದಲ್ಲಿನ ಕೊಬ್ಬು) 210ರ ಆಸುಪಾಸು, ಎರಡೂ ಜಪ್ಪಯ್ಯ ಅಂದರೂ ಇಳಿಯಲಿಲ್ಲ.

ಆಗ ಹಿಡಿದದ್ದು 4×4, ನಾರ್ವೆಯ ಟ್ರೊಂಡ್‌ಹೈಮ್ ಊರಿನ ಸಂಶೋಧಕರ ವ್ಯಾಯಾಮ ಕ್ರಮ. ನಾಲ್ಕು ನಿಮಿಷ ಗರಿಷ್ಠ ನಾಡಿಯ 85ರಿಂದ 95 ಪರ್ಸೆಂಟ್, ಮೂರು ನಿಮಿಷ ಹಗುರ, ಹೀಗೆ ನಾಲ್ಕು ಸಲ. ಇದಕ್ಕೆ ಅಂತ ಜಿಮ್ಮಿಗೆ 18 ಸಾವಿರ ಕಟ್ಟಿದೆ. ನಾಲ್ಕೇ ತಿಂಗಳಿಗೆ ಅವರು ಬಾಗಿಲು ಹಾಕಿದರು. 2,500ರ ಕೈಗಡಿಯಾರ ತಗೊಂಡೆ. ಅದು ಎಷ್ಟೋ ಸಲ ನಾಡಿ ಬಿಟ್ಟು ಹೆಜ್ಜೆ ಎಣಿಸುತ್ತಿತ್ತು. ಕೊನೆಗೆ ಎದೆಗೆ ಕಟ್ಟಿ ನಾಡಿ ಅಳೆಯುವ ಪಟ್ಟಿ, ಇನ್ನೊಂದು ನಾಲ್ಕು ಸಾವಿರ.

ದೊಡ್ಡ ಎಡವಟ್ಟು ಬೇರೆಯೇ. 220ರಲ್ಲಿ ವಯಸ್ಸು ಕಳೆದದ್ದೇ ನನ್ನ ಗರಿಷ್ಠ ನಾಡಿ ಅಂತ ಹಿಡಿದು, 140 ದಾಟಿದರೆ ಸಾಕು ಅಂದುಕೊಂಡೆ. ಆರು ತಿಂಗಳು ಏನೂ ಬದಲಾಗಲಿಲ್ಲ. ಆಮೇಲೆ ಡಾಕ್ಟರ್ ಬೈದು ಟಿಎಂಟಿ (ಟ್ರೆಡ್‌ಮಿಲ್ ಮೇಲೆ ನಡೆಸಿ ಹೃದಯ ನೋಡುವ ಪರೀಕ್ಷೆ) ಮಾಡಿಸಿದರೆ ನಾಡಿ 178 ಮುಟ್ಟಿತು! ಅಂದರೆ 150 ದಾಟಬೇಕಿತ್ತು, ನಾನು ಅಲ್ಲಿವರೆಗೆ ಸುಮ್ನೆ ಬೆವರಿದ್ದೆ. ಅಪ್ಪನ ಕಥೆ ಗೊತ್ತಿದ್ದೂ ಟಿಎಂಟಿ ಮೊದಲೇ ಮಾಡಿಸದಿದ್ದದ್ದು ಶುದ್ಧ ದಡ್ಡತನ. ಗುಂಪಿನ ಒಬ್ಬರು ನನ್ನ ಅಂಕಿಯನ್ನೇ ಹಿಡಿಯಲು ಹೋಗಿ 120ಕ್ಕೇ ನಿಂತುಬಿಟ್ಟರು. ನಾಡಿಯನ್ನು ತಗ್ಗಿಸುವ ಬೀಟಾ ಬ್ಲಾಕರ್ ಮಾತ್ರೆ ನುಂಗುವವರ ನಾಡಿ ಏರೋದು ಹೇಗೆ? ಅವರ ಡಾಕ್ಟರ್ ಹೇಳಿದ ಮೇಲೆ ಈಗ ಉಸಿರು ನೋಡಿಕೊಂಡು ಹತ್ತುತ್ತಾರೆ.

ಜಿಮ್ ಮುಚ್ಚಿದ ಮೇಲೆ ಚಾಮುಂಡಿ ಬೆಟ್ಟದ ಮೆಟ್ಟಿಲೇ ಗತಿಯಾಯಿತು. ಮಂಗಳವಾರ, ಶನಿವಾರ. ಉಳಿದ ದಿನ ಹಳೇ ಹರಟೆ ನಡಿಗೆ, ಅದನ್ನು ಬಿಟ್ಟಿಲ್ಲ. ಮೊದಲೆಲ್ಲ ನಾಲ್ಕು ನಿಮಿಷಕ್ಕೆ 160 ಮೆಟ್ಟಿಲು. ಈಗ 220 ದಾಟುತ್ತೇನೆ. ಮೂರನೇ ಸುತ್ತಿನಲ್ಲಿ ಉಸಿರು ಒಡೆಯದಿರಲು ಒಂದು ಉಪಾಯ ಇದೆ. ಅದು ಬೆಟ್ಟಕ್ಕೆ ಬಂದವರಿಗೆ ಮಾತ್ರ.

ನಡುವೆ ಮೂರು ವಾರ ಬೀಟ್‌ರೂಟ್ ರಸ ಕುಡಿದು ನೋಡಿದೆ. ಬಿಪಿ ಅಲುಗಾಡಲಿಲ್ಲ, ಮೂತ್ರದ ಬಣ್ಣ ಬದಲಾಗಿ ಮನೆಯವರು ಹೆದರಿದರು.

ಮೆಟ್ಟಿಲಿಗೆ ಬಂದು ಒಂದೂವರೆ ವರ್ಷ. ಬಿಪಿ 124ರ ಹತ್ತಿರ, ಟ್ರೈಗ್ಲಿಸರೈಡ್ 145 ಇರಬೇಕು, ಬೆಳಗಿನ ನಾಡಿ 78ರಿಂದ 62. ಎಚ್‌ಡಿಎಲ್ (ಒಳ್ಳೆಯ ಕೊಲೆಸ್ಟ್ರಾಲ್) ಮಾತ್ರ 38 ಇದ್ದದ್ದು 40. ತೂಕ ಎರಡೇ ಕಿಲೋ ಇಳಿದಿದೆ.

ಮಂಡಿ ವಿಷಯ ಹೇಳಲೇಬೇಕು. ಶುರುವಿನಲ್ಲಿ ಆ ಹಗುರದ ಮೂರು ನಿಮಿಷ ಮೆಟ್ಟಿಲಲ್ಲಿ ಕೆಳಗಿಳಿಯುತ್ತಿದ್ದೆ. ಮಂಡಿ ಊದಿಕೊಂಡು ಫಿಸಿಯೋಗೆ ಆರು ಸಾವಿರ ಹೋಯಿತು. ಈಗ ಅಲ್ಲೇ ಅಡ್ಡಾಡಿ ಸುಧಾರಿಸಿಕೊಂಡು ಮೇಲೇ ಹೋಗುತ್ತೇನೆ. ಇಳಿಯುವುದು ಸಿಟಿ ಬಸ್ಸಿನಲ್ಲಿ. ಕೆರೆ ಗುಂಪು ಈಗ ಅದಕ್ಕೆ ನಗುತ್ತದೆ.