ಇನ್ನೂರು ಜನರ ಊರಿನ ಲೆಕ್ಕ ಬರೆದ ಬಗೆ

ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ವಾಯವ್ಯಕ್ಕೆ, ಮೆಲ್ಬರ್ನ್‌ನಿಂದ ಸುಮಾರು 350 ಕಿ.ಮೀ. ದೂರದಲ್ಲಿ, ಹೆಂಟಿ ಹೆದ್ದಾರಿಯ ಮಗ್ಗುಲಿಗೆ ಬ್ರಿಮ್ ಎಂಬ ಪುಟ್ಟ ಊರಿದೆ. ಸುತ್ತಲಿನ ಹೊಲಮನೆಗಳನ್ನು ಸೇರಿಸಿಕೊಂಡರೂ ಅಲ್ಲಿನ ಜನಸಂಖ್ಯೆ ಇನ್ನೂರರ ಆಸುಪಾಸು. ಸಭಾಭವನದ ದುರಸ್ತಿಗೆ ಅನುದಾನ ಕೇಳಲು ಹೊರಟಿದ್ದ ಊರಿನವರಿಗೆ, ಅರ್ಜಿಯ ಜೊತೆ ಲಗತ್ತಿಸಲು ಜನಸಂಖ್ಯೆ ಮತ್ತು ಜೀವನಕ್ರಮದ ಒಂದು ವಿವರಣೆ ಬೇಕಾಗಿತ್ತು. ಆ ಕೆಲಸ ನನ್ನ ಪಾಲಿಗೆ ಬಂತು. ಅದುವರೆಗೆ ನಾನು ಬರೆದಿದ್ದೆಲ್ಲ ನಗರದ ಬಡಾವಣೆಗಳ ಬಗ್ಗೆಯಾದ್ದರಿಂದ ಒಂದು ವಾರದಲ್ಲಿ ಮುಗಿಸುತ್ತೇನೆಂದು ಒಪ್ಪಿಕೊಂಡೆ.

ಮೊದಲು ಶೈರ್, ಎಂದರೆ ಹಲವು ಊರುಗಳು ಸೇರಿದ ಸ್ಥಳೀಯ ಆಡಳಿತ ಪ್ರದೇಶದ, ಮಟ್ಟದ ಅಂಕಿಗಳನ್ನು ತೆಗೆದುಕೊಂಡೆ. ಬ್ರಿಮ್ ಸೇರಿರುವ ಯಾರಿಯಾಂಬಿಯಾಕ್ ಶೈರ್‌ನ ವಿಸ್ತೀರ್ಣ 7,000 ಚದರ ಕಿ.ಮೀ.ಗಿಂತ ಹೆಚ್ಚು, ಜನಸಂಖ್ಯೆ ಸುಮಾರು 6,500. ಎಂದರೆ ಚದರ ಕಿ.ಮೀ.ಗೆ ಪೂರ್ತಿ ಒಬ್ಬರೂ ಇಲ್ಲ. 2011ರ ಜನಗಣತಿಯಲ್ಲಿ ಕರ್ನಾಟಕದ ಸರಾಸರಿ 319 ಇತ್ತೆಂಬುದನ್ನು ನೆನೆದರೆ, ನಮ್ಮ ಕಡೆ ಬೆಳೆದವರಿಗೆ ಈ ಬಯಲು ಏಕೆ ಬೆರಗು ಹುಟ್ಟಿಸುತ್ತದೆಂಬುದು ತಿಳಿದೀತು. 2021ರಲ್ಲಿ ದೇಶದ ಮಧ್ಯಾಂಕ ವಯಸ್ಸು (ಅರ್ಧ ಜನ ಅದಕ್ಕಿಂತ ಕಿರಿಯರು, ಅರ್ಧ ಜನ ಹಿರಿಯರು) 38 ಇದ್ದರೆ ಇಲ್ಲಿ ಅದು ಐವತ್ತನ್ನು ದಾಟಿತ್ತು. ಇಷ್ಟರವರೆಗೆ ತೊಡಕಿರಲಿಲ್ಲ.

ಊರಿನ ಮಟ್ಟಕ್ಕೆ ಇಳಿದಾಗ ಎಡವಿದೆ. ವಯಸ್ಸು, ಉದ್ಯೋಗ, ಮನೆಮಾತು, ಧರ್ಮ ಎಂದು ಕೋಷ್ಟಕಗಳನ್ನು ಮಾಡಿ, ಪ್ರತಿಯೊಂದಕ್ಕೂ ಶೇಕಡಾವಾರು ಲೆಕ್ಕ ಹಾಕಿದೆ. ಆದರೆ ಒಂದು ಕೋಷ್ಟಕದ ಒಟ್ಟು ಮೊತ್ತ ಇನ್ನೊಂದರ ಮೊತ್ತಕ್ಕೆ ಹೊಂದಲಿಲ್ಲ. ನನ್ನದೇ ಕೂಡಿಕೆಯ ತಪ್ಪೆಂದು ಒಂದು ಸಂಜೆಯನ್ನೇ ಕಳೆದೆ. ತಪ್ಪು ಕೂಡಿಕೆಯಲ್ಲಿರಲಿಲ್ಲ. ಯಾವ ವ್ಯಕ್ತಿಯೂ ಗುರುತು ಸಿಗದಿರಲೆಂದು ಆಸ್ಟ್ರೇಲಿಯಾದ ಅಂಕಿಅಂಶ ಇಲಾಖೆಯು ಜನಗಣತಿಯ ಕೋಷ್ಟಕಗಳ ಸಂಖ್ಯೆಗಳನ್ನು ಬೇಕೆಂದೇ ಚೂರುಪಾರು ಏರುಪೇರು ಮಾಡಿ ಪ್ರಕಟಿಸುತ್ತದೆ. ಲಕ್ಷ ಜನರಿರುವ ಕಡೆ ಇದು ಗಮನಕ್ಕೇ ಬರುವುದಿಲ್ಲ. ಬ್ರಿಮ್‌ನಂತಹ ಕಡೆ, ಮೂರು ಎಂದು ಅಚ್ಚಾಗಿರುವಲ್ಲಿ ನಿಜವಾಗಿ ಇರುವವರು ಇಬ್ಬರೋ ನಾಲ್ವರೋ ಹೇಳಲಾಗದು. ಅಂತಹ ಮೂರನ್ನು ನಾನು ಶೇಕಡಾ 1.6 ಎಂದು ದಶಮಾಂಶದ ಸಮೇತ ಬರೆದಿದ್ದೆ.

ಅದಕ್ಕಿಂತ ಮುಜುಗರದ ಸಂಗತಿ ಸಮಿತಿಯ ಸಭೆಯಲ್ಲಿ ನಡೆಯಿತು. ಮನೆಯಲ್ಲಿ ಇಂಗ್ಲಿಷೇತರ ಭಾಷೆ ಆಡುವವರ ಸಾಲನ್ನು ಓದಿದ ಹಿರಿಯರೊಬ್ಬರು ತಲೆಯೆತ್ತಿ, ಅದು ಯಾವ ಮನೆಯೆಂದು ನಿಸ್ಸಂಕೋಚವಾಗಿ ಹೇಳಿಬಿಟ್ಟರು. ಇಲಾಖೆ ಅಷ್ಟು ಜತನದಿಂದ ಮುಚ್ಚಿದ್ದನ್ನು ನನ್ನ ಕೋಷ್ಟಕ ತೆರೆದಿಟ್ಟಿತ್ತು. ಆ ಪುಟವನ್ನು ಅಲ್ಲಿಯೇ ಹಿಂದಕ್ಕೆ ಪಡೆದೆ.

ಮತ್ತೆ ಬರೆಯುವಾಗ ಬ್ರಿಮ್‌ನ ಮಟ್ಟಿಗೆ ಶೇಕಡಾವಾರನ್ನು ಪೂರ್ತಿಯಾಗಿ ಕೈಬಿಟ್ಟೆ. ಇಪ್ಪತ್ತು ಮಕ್ಕಳಿರುವ ಊರಿಗೆ ನಾಲ್ಕು ಮಕ್ಕಳ ಒಂದು ಸಂಸಾರ ಬಂದರೆ ಮಕ್ಕಳ ಸಂಖ್ಯೆ ಶೇಕಡಾ 20ರಷ್ಟು ಏರಿತೆನ್ನಬಹುದು, ಮರುವರ್ಷ ಅದೇ ಸಂಸಾರ ಹೊರಟರೆ ಕುಸಿಯಿತೆನ್ನಬಹುದು. ಎರಡೂ ಸುಳ್ಳಲ್ಲ, ಎರಡರಿಂದಲೂ ಏನೂ ತಿಳಿಯುವುದಿಲ್ಲ. ಐದೈದು ವರ್ಷದ ವಯೋಗುಂಪುಗಳನ್ನು ಒಟ್ಟುಗೂಡಿಸಿ ಮಕ್ಕಳು, ದುಡಿಯುವವರು, ಹಿರಿಯರು ಎಂದು ಮೂರೇ ಗುಂಪು ಮಾಡಿದೆ. ಭಾಷೆ, ಧರ್ಮ, ಆದಾಯಗಳನ್ನು ಶೈರ್ ಮಟ್ಟದಲ್ಲಿಯೇ ಉಳಿಸಿದೆ. 2016 ಮತ್ತು 2021ರ ಅಂಕಿಗಳನ್ನು ಹೋಲಿಸುವ ಮುನ್ನ ಎರಡೂ ಗಣತಿಗಳ ನಕ್ಷೆಗಳನ್ನು ಒಂದರ ಮೇಲೊಂದಿಟ್ಟು ನೋಡಿದೆ, ಏಕೆಂದರೆ ಗಡಿ ಸ್ವಲ್ಪ ಸರಿದು ನಾಲ್ಕು ಹೊಲಮನೆಗಳು ಹೊರಗುಳಿದರೂ ಊರು ಕ್ಷೀಣಿಸುತ್ತಿದೆ ಎಂದು ತಪ್ಪಾಗಿ ಬರೆದುಬಿಡುವ ಅಪಾಯವಿದೆ.

ಜೀವನಕ್ರಮದ ವಿಷಯದಲ್ಲಿ ಗಣತಿ ನನ್ನ ಕೈ ಹಿಡಿದದ್ದು ಕಡಿಮೆ. 2021ರ ಗಣತಿ ಆಗಸ್ಟ್ 10ರಂದು ನಡೆಯಿತು. ಉದ್ಯೋಗದ ಪ್ರಶ್ನೆ ಅದರ ಹಿಂದಿನ ಒಂದು ವಾರಕ್ಕೆ ಸಂಬಂಧಿಸಿದ್ದು. ಆಗ ಇಲ್ಲಿ ಚಳಿಗಾಲ. ಗೋಧಿ, ಬಾರ್ಲಿ, ಚನ್ನಂಗಿ ಬೇಳೆಯ ಪೈರು ಹೊಲದಲ್ಲಿ ನಿಂತಿರುತ್ತದೆ. (ಈ ಸೀಮೆಯ ಬೇಳೆ ಭಾರತಕ್ಕೂ ರಫ್ತಾಗುತ್ತದೆ ಎಂದು ತಿಳಿದ ಮೇಲೆ ನಮ್ಮ ಅಡುಗೆಮನೆಯ ಡಬ್ಬಿಯನ್ನು ಬೇರೆಯೇ ಕಣ್ಣಿನಿಂದ ನೋಡತೊಡಗಿದೆ.) ನವೆಂಬರ್, ಡಿಸೆಂಬರ್‌ನ ಕೊಯ್ಲಿನಲ್ಲಿ ಹಗಲುರಾತ್ರಿ ಲಾರಿ ಓಡಿಸುವವರು, ರಜೆ ಹಾಕಿ ಊರಿಗೆ ಬರುವ ಮಕ್ಕಳು, ಹೊಲಕ್ಕೆ ಊಟ ಒಯ್ಯುವ ಅಜ್ಜಿಯರು ಆ ಒಂದು ವಾರದ ಲೆಕ್ಕದಲ್ಲಿ ಕಾಣಿಸಿಕೊಳ್ಳುವುದಿಲ್ಲ. ಸ್ವಯಂಸೇವೆಯ ಪ್ರಶ್ನೆಯೇನೋ ಇದೆ, ಆದರೆ ಅದಕ್ಕೆ ಹೌದು ಅಥವಾ ಇಲ್ಲ ಎಂಬ ಉತ್ತರ ಮಾತ್ರ. ಅಗ್ನಿಶಾಮಕ ದಳ, ಸಭಾಭವನದ ಸಮಿತಿ, ಆಟದ ಮೈದಾನ ಮೂರನ್ನೂ ನೋಡಿಕೊಳ್ಳುವವರು ಅಲ್ಲಿ ಒಂದೇ ಗುರುತಾಗಿ ಮುಗಿಯುತ್ತಾರೆ. ಹೀಗಾಗಿ ಕೊಯ್ಲು ಮುಗಿದ ಮೇಲೆ ಮತ್ತೊಮ್ಮೆ ಹೋಗಿ, ಯಾವ ಕೆಲಸ ಯಾವ ತಿಂಗಳಿನದು ಎಂದು ಕೇಳಿ ಬರೆದುಕೊಂಡೆ. ಇಡೀ ವರದಿಯಲ್ಲಿ ನನಗೆ ತೃಪ್ತಿ ಕೊಟ್ಟ ಪುಟ ಅದೊಂದೇ.

ಬ್ರಿಮ್‌ನ ಹೆಸರು ಹೊರಜಗತ್ತಿಗೆ ತಿಳಿದದ್ದು ಅಲ್ಲಿನ ಸೈಲೋಗಳಿಂದ, ಎಂದರೆ ಧಾನ್ಯ ತುಂಬಿಡುವ ಎತ್ತರದ ಗೋಪುರಗಳಿಂದ. 1939ರಲ್ಲಿ ಕಟ್ಟಿ, ಮುಂದೆ ಬಳಕೆ ತಪ್ಪಿದ್ದ ಆ ಸುಮಾರು 30 ಮೀಟರ್ ಎತ್ತರದ ಗೋಡೆಗಳ ಮೇಲೆ ಗೈಡೊ ವಾನ್ ಹೆಲ್ಟನ್ ಎಂಬ ಕಲಾವಿದ ನಾಲ್ವರು ರೈತರನ್ನು ಚಿತ್ರಿಸಿ 2016ರ ಜನವರಿಯಲ್ಲಿ ಮುಗಿಸಿದರು. ಅಂದಿನಿಂದ ಪ್ರವಾಸಿಗರು ಬರುತ್ತಾರೆ, ಯಾರಿಯಾಂಬಿಯಾಕ್ ತೊರೆಯ ದಡದಲ್ಲಿ ಕ್ಯಾರವಾನ್ ನಿಲ್ಲಿಸುತ್ತಾರೆ. ಅವರು ಸಭಾಭವನದ ಶೌಚಾಲಯವನ್ನು ಬಳಸುತ್ತಾರೆ ಎಂಬ ವಾಕ್ಯವನ್ನು ಅರ್ಜಿಗೆ ಅನುಕೂಲವಾಗಲೆಂದು ಸೇರಿಸಿದೆ.

ಅಂತಿಮ ಕರಡಿನಲ್ಲಿ ಸಮಿತಿ ಒಂದೇ ತಿದ್ದುಪಡಿ ಸೂಚಿಸಿತು. ದಿನಸಿಗೆ, ವೈದ್ಯರಲ್ಲಿಗೆ ಪ್ರತಿ ಮನೆಯವರೂ ಸುಮಾರು 20 ಕಿ.ಮೀ. ದೂರದ ವಾರಕ್‌ನಬೀಲ್‌ಗೆ ಹೋಗುತ್ತಾರೆಂದು ನಾನು ಬರೆದಿದ್ದೆ. ಹಾಗೆ ಯಾರೂ ಹೋಗುವುದಿಲ್ಲ, ಹೋಗುವವರು ಹೊರಡುವ ಮೊದಲು ಅಕ್ಕಪಕ್ಕದವರನ್ನು ಕೇಳುತ್ತಾರೆ, ಹಾಲು, ಔಷಧಿ, ಟ್ರ್ಯಾಕ್ಟರಿನ ಬಿಡಿಭಾಗ ಎಲ್ಲವೂ ಒಂದೇ ಗಾಡಿಯಲ್ಲಿ ಬರುತ್ತವೆ ಎಂದರು. ಪ್ರಯಾಣದ ಕೋಷ್ಟಕವನ್ನು ತೆಗೆದು, ಅವರು ಹೇಳಿದ್ದನ್ನೇ ಅಲ್ಲಿ ಬರೆದೆ.